ಹುಟ್ಟು ಸಾವಿನ ಟೀಚರ್ ಆಂಟಿ

ಹೋದ ತಿಂಗಳು ಆಕ್ಲೆಂಡಿನ ಉತ್ತರದ ತುದಿಯ ಆಲ್ಬನಿಯಲ್ಲಿ ಗೆಳತಿಯೊಬ್ಬಳ ಮಗನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಮಕ್ಕಳೆಲ್ಲ ಕೇಕಿನ ಸುತ್ತ ಮುತ್ತಿಕೊಂಡು ಹಾಡಿದರು. ಹುಡುಗ ಕೆನ್ನೆ ಉಬ್ಬಿಸಿ ಒಂದೇ ಉಸಿರಿಗೆ ಮೇಣದಬತ್ತಿಗಳನ್ನೆಲ್ಲ ಆರಿಸಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಆರಿದ ಬತ್ತಿಯ ಹೊಗೆ ನೇರ ನನ್ನ ಮುಖಕ್ಕೆ ಬಂತು. ಸುಟ್ಟ ನೂಲು, ಕರಗಿದ ಮೇಣ... ಅಷ್ಟೇ. ಕೈಯಲ್ಲಿದ್ದ ಪೇಪರ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ಕಾರಿಗೆ ಒರಗಿ ನಿಂತೆ.

ಗಂಡ ಹಿಂದೆಯೇ ಬಂದ. "ಏನಾತು?" ಅಂದ. ಏನೂ ಇಲ್ಲ ಅಂದೆ. ಅವನು ನನ್ನ ಮುಖವನ್ನೇ ನೋಡಿ, "ಟೀಚರ್ ಆಂಟಿ ನೆನಪಾದ್ರೇನು?" ಎಂದು ಕೇಳಿದ. ಇಷ್ಟು ವರ್ಷ ಜೊತೆಗಿದ್ದ ಮೇಲೆ ಕೆಲವನ್ನು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಆಗ ನಾವು ಊರಿನ ಇನ್ನೊಂದು ಬದಿಯ ಒನೆಹುಂಗಾದಲ್ಲಿದ್ದೆವು. ಅಂಗಡಿ ಬೀದಿ ಮುಗಿದು ಕಾರ್ಖಾನೆಗಳು ಶುರುವಾಗುವ ಕಡೆ, ಒಂದೇ ಸೂರಿನ ಕೆಳಗೆ ಸಾಲಾಗಿ ಇಟ್ಟಿಗೆಯ ಮೂರು ಪುಟ್ಟ ಮನೆಗಳು, ಇಲ್ಲಿನವರು ಯೂನಿಟ್ ಅನ್ನುವಂಥವು. ನಡುವಿನದರಲ್ಲಿ ನಾವು ಬಾಡಿಗೆಗಿದ್ದೆವು. ನಾನು ಅಲ್ಲೇ ಹತ್ತಿರದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಗಂಡನಿಗೆ ಮೂರು ಗಂಟೆ ದಾರಿಯ ಟೌರಂಗಾದ ಬಂದರಿನಲ್ಲಿ ಕ್ರೇನುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಕೆಲಸ. ವಾರವೆಲ್ಲ ಅಲ್ಲೇ ಒಂದು ರೂಮು ಮಾಡಿಕೊಂಡಿದ್ದು ಶುಕ್ರವಾರ ಸಂಜೆ ಬರುತ್ತಿದ್ದ. ಮಿಕ್ಕ ದಿನ ನಾನೊಬ್ಬಳೇ. ನನ್ನ ಮಲಗುವ ಕೋಣೆಯ ಗೋಡೆಗೆ ಆಚೆ ಕಡೆಯಿಂದ ಅಂಟಿಕೊಂಡಿದ್ದ ಮನೆಯಲ್ಲಿ ಅವರಿದ್ದರು.

ಅವರು ಮೈಸೂರಿನ ಕ್ರಿಶ್ಚಿಯನ್ ಮನೆತನದವರು. ಅಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಡೀ ಜೀವಮಾನ ಇತಿಹಾಸ ಪಾಠ ಮಾಡಿದವರು. ಮದುವೆಯಾಗಿರಲಿಲ್ಲ. ತಂಗಿ ನರ್ಸ್ ಆಗಿ ಎಷ್ಟೋ ಹಿಂದೆಯೇ ಆಕ್ಲೆಂಡಿಗೆ ಬಂದವರು, ನಿವೃತ್ತರಾದ ಅಕ್ಕನನ್ನು ತನ್ನ ಹತ್ತಿರ ಕರೆಸಿಕೊಂಡಿದ್ದರು. ನಾವು ಆ ಮನೆಗೆ ಹೋಗುವ ಹೊತ್ತಿಗೆ ತಂಗಿ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಯೂನಿಟ್ ಅಕ್ಕನಿಗೆ ಉಳಿದಿತ್ತು. ಇಲ್ಲಿ ಹಿರಿಯರೆಲ್ಲ ಆಂಟಿಯರೇ. ಇವರು ಟೀಚರ್ ಆಗಿದ್ದವರಾದ್ದರಿಂದ ಟೀಚರ್ ಆಂಟಿ.

ಮೊದಲ ಸಲ ಅವರ ಮನೆಗೆ ಹೋದಾಗ ಅಡುಗೆಮನೆಯ ಕಿಟಕಿಯಲ್ಲಿ ಹಗಲು ಹೊತ್ತಿನಲ್ಲೇ ಒಂದು ಮೇಣದಬತ್ತಿ ಉರಿಯುತ್ತಿತ್ತು. "ಏನು ಆಂಟಿ, ಇವತ್ತು ವಿಶೇಷ?" ಎಂದು ಕೇಳಿದೆ.

"ಒಬ್ಬ ರಾಜಕುಮಾರನ ದಿನ. ಸತ್ತು ಮುನ್ನೂರು ವರ್ಷದ ಮೇಲಾಯ್ತು. ಕೂತ್ಕೋ, ಹೇಳ್ತೀನಿ."

ಅವರಿಗೆ ಇತಿಹಾಸ ಹೇಳಿಕೊಟ್ಟವರು ಐರ್ಲೆಂಡಿನಿಂದ ಮೈಸೂರಿಗೆ ಬಂದಿದ್ದ ಒಬ್ಬ ಮುದುಕಿ ಸನ್ಯಾಸಿನಿ, ಕಾನ್ವೆಂಟಿನ ಮದರ್. ಆ ಮದರ್ ಯುದ್ಧಗಳನ್ನು ಅರ್ಧ ಪಾಠದಲ್ಲಿ ಮುಗಿಸಿ, ಯಾರು ಯಾವಾಗ ಹುಟ್ಟಿದರು, ಹೇಗೆ ಸತ್ತರು ಎಂಬುದನ್ನೇ ಗಂಟೆಗಟ್ಟಲೆ ಹೇಳುತ್ತಿದ್ದರಂತೆ. ಅದರಲ್ಲೂ ಹದಿನೆಂಟನೆಯ ಶತಮಾನದವರ ಕತೆ. ಶಿಷ್ಯೆಗೂ ಅದೇ ಅಂಟಿಕೊಂಡಿತು. ಇಂಗ್ಲೆಂಡ್, ಐರ್ಲೆಂಡಿನ ಆ ಕಾಲದ ಯಾರದಾದರೂ ಹುಟ್ಟಿದ ದಿನವೋ ಸತ್ತ ದಿನವೋ ಬಂತೆಂದರೆ ಆಂಟಿ ಕಿಟಕಿಯಲ್ಲಿ ಬತ್ತಿ ಹಚ್ಚುವರು. ಅವರ ಕತೆ ಹೇಳಿ ಮುಗಿಸಿದ ಮೇಲೆ ನಾಲಗೆಗೆ ಬೆರಳು ತಾಕಿಸಿ ಉರಿಯನ್ನು ಚಿವುಟಿ ಆರಿಸುವರು. ಆ ಹೊಗೆ ಇಡೀ ಮನೆ ತುಂಬುತ್ತಿತ್ತು.

ನನಗೆ ಇತಿಹಾಸದಲ್ಲಿ ಆಸಕ್ತಿಯೇನೂ ಇರಲಿಲ್ಲ. ಆದರೆ ಅವರು ಹೇಳುವ ರೀತಿಯಲ್ಲಿ, ಅದೆಲ್ಲ ಪಕ್ಕದ ಬೀದಿಯಲ್ಲಿ ನಿನ್ನೆ ಮೊನ್ನೆ ನಡೆದಂತೆ ಇರುತ್ತಿತ್ತು. ಐರ್ಲೆಂಡಿನಲ್ಲಿ ಒಂದು ಚಳಿಗಾಲ ನದಿಗಳೇ ಹೆಪ್ಪುಗಟ್ಟಿ, ಮಣ್ಣಿನೊಳಗಿದ್ದ ಆಲೂಗಡ್ಡೆಯೆಲ್ಲ ಕೊಳೆತು, ಜನ ದಾರಿಯಲ್ಲೇ ಬಿದ್ದು ಸತ್ತ ಕತೆ ಹೇಳುವಾಗ ಅವರು ಹೀಟರಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಹದಿನೇಳು ಸಲ ಗರ್ಭಿಣಿಯಾಗಿಯೂ ಒಂದು ಮಗುವೂ ಬಾಳದ ರಾಣಿಯ ಕತೆ ಹೇಳಿದ್ದೂ ಅವರೇ. ಬದುಕಿ ಉಳಿದಿದ್ದ ಒಬ್ಬನೇ ಮಗ, ಹನ್ನೊಂದು ತುಂಬಿದ ಹುಟ್ಟುಹಬ್ಬದಲ್ಲಿ ಕುಣಿದು ಸುಸ್ತಾಗಿ ಮಲಗಿದವನು, ವಾರ ಕಳೆಯುವುದರೊಳಗೆ ಹೋಗಿಬಿಟ್ಟನಂತೆ. ಆಮೇಲೆ ಆ ತಾಯಿಗೆ ಪಟ್ಟಾಭಿಷೇಕ. ಕಾಲುನೋವು, ನಡೆಯಲಾಗದು, ಕುರ್ಚಿಯಲ್ಲಿ ಹೊತ್ತುಕೊಂಡು ಹೋದರಂತೆ.

"ಕಿರೀಟ ಇಟ್ಟಾಗ ಅವಳಿಗೆ ಏನನ್ನಿಸಿರತ್ತೆ ಹೇಳು?" ಎಂದು ನನ್ನನ್ನು ಕೇಳಿದ್ದರು. ಆಗ ಯಾರಿಗೂ ಹೇಳಿರಲಿಲ್ಲ, ಒನೆಹುಂಗಾಕ್ಕೆ ಬರುವ ಮುಂಚೆ ಆಲ್ಬನಿಯಲ್ಲಿ ಇದ್ದಾಗ ನನಗೂ ಒಂದು ಗರ್ಭ ಹೋಗಿತ್ತು, ಮೂರನೇ ತಿಂಗಳಲ್ಲಿ.

ಒಮ್ಮೆ ಡಬ್ಲಿನ್ನಿನ ಒಬ್ಬ ಪಾದ್ರಿಯ ಕತೆ ಹೇಳಿದರು. ಅಪ್ಪ ಸತ್ತ ಮೇಲೆ ಹುಟ್ಟಿದವನು. ಊರನ್ನೆಲ್ಲ ತನ್ನ ಬರಹದಿಂದ ನಗಿಸಿ ಅಳಿಸಿದವನು. ಮೇಲ್ತುದಿಯಲ್ಲಿ ಒಣಗುತ್ತಿದ್ದ ಒಂದು ಮರವನ್ನು ತೋರಿಸಿ, ತನ್ನ ಕೊನೆಯೂ ಹೀಗೆಯೇ, ತಲೆಯಿಂದ ಶುರುವಾಗುತ್ತದೆ ಎಂದು ಗೆಳೆಯರಿಗೆ ಹೇಳಿದ್ದನಂತೆ. ಹಾಗೆಯೇ ಆಯಿತಂತೆ. ಅಷ್ಟು ಹೇಳಿ ಆಂಟಿ ನಿಲ್ಲಿಸಿದರು. ಬತ್ತಿ ಉರಿಯುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ನಾನು ಯಾರ ವಿಷಯ ಹೇಳ್ತಿದ್ದೆ?" ಎಂದು ಕೇಳಿದರು. ಅವರ ಕಣ್ಣಿನಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು... ನಾನು ನಕ್ಕು ನೆನಪಿಸಿದೆ. ಅವರು ನಗಲಿಲ್ಲ.

ಮತ್ತೆ ಗರ್ಭಿಣಿಯಾದೆ. ಮೂರನೇ ತಿಂಗಳು ದಾಟಲಿ ಎಂದು ಉಸಿರು ಬಿಗಿಹಿಡಿದು ಕಾದು, ದಾಟಿದ ಮೇಲೆ ಆಂಟಿಗೆ ಹೇಳಲು ಹೋದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, "ದೇವರು ಕಾಪಾಡ್ಲಿ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಆಮೇಲೆ ಕೆಲವು ತಿಂಗಳು ಅವರು ನನ್ನನ್ನು ಕರೆಯಲೇ ಇಲ್ಲ. ಡ್ರೈವ್‌ವೇನಲ್ಲಿ ಎದುರಾದರೆ ಹೊಟ್ಟೆಯನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ತಾವಾಗಿಯೇ ಬಂದು ಬಾಗಿಲು ತಟ್ಟಿದರು. ಒಳಗೆ ಬಂದವರು ಕೂರಲಿಲ್ಲ. ನಿಂತೇ ಮಾತು ಶುರುಮಾಡಿದರು. ಲಂಡನ್ನಿನ ಒಬ್ಬ ಲೇಖಕಿಯ ಕತೆ. ಗಂಡಸಿಗೆ ಸಿಗುವ ವಿದ್ಯೆ ಹೆಣ್ಣಿಗೂ ಸಿಗಬೇಕು ಎಂದು ಆ ಕಾಲದಲ್ಲೇ ಬರೆದ ಗಟ್ಟಿಗಿತ್ತಿ. ಎರಡನೇ ಹೆರಿಗೆ. ಡಾಕ್ಟರು ಬೇಡ, ಸೂಲಗಿತ್ತಿ ಸಾಕು, ನಾಳೆ ಊಟಕ್ಕೆ ಎದ್ದು ಕೆಳಗೆ ಬರುತ್ತೇನೆ ಎಂದಿದ್ದಳಂತೆ. ಹೆಣ್ಣುಮಗು ಹುಟ್ಟಿತು. ಆದರೆ ಮಗುವಿನ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ.

"ಡಾಕ್ಟರ್‌ನ ಕರೆಸಿದ್ರು. ಅವನು ಕೈ ಹಾಕಿ ಚೂರು ಚೂರಾಗಿ ತೆಗ್ದ. ಕೈ ತೊಳ್ಕೊಂಡಿದ್ನೋ ಇಲ್ವೋ... ಆಗ ಯಾರಿಗೆ ಗೊತ್ತಿತ್ತು? ಎಲ್ಲಾ ಬಂತು ಅಂದ. ಬಂದಿರ್ಲಿಲ್ಲ." ಆಂಟಿಯ ದನಿ ಪಾಠ ಹೇಳುವ ದನಿಯೇ, ಆದರೆ ಕೈಗಳು ಸೀರೆಯ ಸೆರಗನ್ನು ಹಿಂಡುತ್ತಿದ್ದವು. "ಆಮೇಲೆ ನಡುಕ ಬಂತು. ಎಂಥಾ ನಡುಕ ಅಂದ್ರೆ ಅವಳು ಮಲಗಿದ್ದ ಮಂಚಾನೇ ಅಲ್ಲಾಡ್ತಿತ್ತು. ಅವಳ ಹಾಲು ಮಗೂಗೆ ಕೊಡಬಾರ್ದು ಅಂತ ಮಗೂನ ದೂರ ಒಯ್ದ್ರು. ಕಟ್ಟಿದ ಹಾಲು ಇಳೀಲಿ ಅಂತ ನಾಯಿಮರಿ ತಂದು ಎದೆಗೆ ಬಿಟ್ರು. ನಾಯಿಮರಿ! ಅಂಥಾ ಹೆಂಗಸಿಗೆ!"

"ಆಂಟಿ, ಸಾಕು," ಎಂದೆ.

"ಸಾಕು ಅಂದ್ರೆ ಹೇಗೆ? ಸತ್ತೋದ್ಲು. ಆ ಮಗು ಅಮ್ಮನ ಗೋರಿಕಲ್ಲಿನ ಅಕ್ಷರ ತೀಡಿ ಓದು ಕಲೀತು ಅಂತಾರೆ. ನೀನು ಕೇಳ್ಬೇಕು. ಪೂರ್ತಿ ಬಂತಾ ಅಂತ ಕೇಳ್ಬೇಕು. ಬಿಡಬೇಡ ಅವ್ರನ್ನ."

ಅವರು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ನೆಲದ ಮೇಲೇ ಕೂತುಬಿಟ್ಟೆ. ಮಗು ಹೊಟ್ಟೆಯೊಳಗೆ ಒದ್ದಾಗ ಮೊದಲ ಸಲ ಖುಷಿಯಾಗಲಿಲ್ಲ, ಭಯವಾಯಿತು. ಗಂಡನಿಗೆ ಫೋನಿನಲ್ಲಿ ಹೇಳಿದರೆ ಅವನು ಸಿಟ್ಟಾದ. "ಬಸರಿ ಹೆಂಗಸಿಗೆ ಹೇಳೂ ಮಾತೇನು ಇದು? ಆಕಿ ಮನಿಗೆ ಇನ್ನ ಹೋಗಬ್ಯಾಡ ನೀ. ಬಂದ್ರೂ ಬಾಗಿಲಾ ತಗೀಬ್ಯಾಡ."

ತೆಗೆಯುವ ಧೈರ್ಯ ನನಗೂ ಉಳಿದಿರಲಿಲ್ಲ. ಯಾಕೆಂದರೆ ಆ ದಿನದಿಂದಾಚೆಗೆ ಆಂಟಿ ಬದಲಾದರು. ಅಥವಾ ಬದಲಾಗುತ್ತಿದ್ದದ್ದು ನನಗೆ ಆಗ ಕಾಣಿಸಿತು. ಕಸದ ಡಬ್ಬಿಯನ್ನು ಕಸದ ಗಾಡಿ ಬಾರದ ಯಾವ ಯಾವುದೋ ದಿನ ರಸ್ತೆಗೆ ಎಳೆದು ತಂದಿಡುವರು. ಬಿಸಿಲಿನಲ್ಲಿ ಉಲ್ಲನ್ ಕೋಟು ಹಾಕಿಕೊಂಡು ಲೆಟರ್‌ಬಾಕ್ಸ್ ಹತ್ತಿರ ನಿಲ್ಲುವರು. ಒಂದು ದಿನ ಕೆಲಸದಿಂದ ಬಂದಾಗ ನನ್ನನ್ನು ನೋಡಿ, "ಪಾಪ, ಆ ಹುಡುಗ ನೆನ್ನೆ ಎಷ್ಟು ಚೆನ್ನಾಗಿ ಕುಣೀತಿದ್ದ, ಇವತ್ತು ಗಂಟಲು ಕಟ್ಟಿದೆಯಂತೆ," ಎಂದರು. ಯಾವ ಹುಡುಗ ಎಂದು ಕೇಳುವಷ್ಟರಲ್ಲಿ ನನಗೆ ಹೊಳೆಯಿತು. ರಾಣಿಯ ಮಗ. ಮುನ್ನೂರು ವರ್ಷದ ಹಿಂದಿನ ಹುಡುಗ.

ಇನ್ನೊಂದು ದಿನ ಅವರು ನನ್ನನ್ನು ಆ ಲೇಖಕಿಯ ಹೆಸರಿನಿಂದ ಕೂಗಿದರು. ಮೊದಲು ನನ್ನ ಬೆನ್ನ ಹಿಂದೆ ಬೇರೆ ಯಾರೋ ಇದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರು ಹತ್ತಿರ ಬಂದು ತಣ್ಣನೆಯ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, "ಇನ್ನು ಹೆಚ್ಚು ದಿನ ಇಲ್ಲ," ಎಂದರು. ಯಾವುದಕ್ಕೆ ಹೆಚ್ಚು ದಿನ ಇಲ್ಲ? ಹೆರಿಗೆಗೋ, ಸಾವಿಗೋ? ನಾನು ಓಡುವಂತೆ ಒಳಗೆ ಬಂದು ಪರದೆ ಎಳೆದುಕೊಂಡೆ. ಪರದೆಯ ಸಂದಿಯಿಂದ ನೋಡಿದರೆ ಅವರು ಅಲ್ಲೇ ನಿಂತಿದ್ದರು, ನನ್ನ ಕಿಟಕಿಯನ್ನೇ ನೋಡುತ್ತ.

ಗೋಡೆಯಾಚೆ ಅವರು ಓಡಾಡುವ ಸದ್ದು ನನಗೆ ಕೇಳುತ್ತಿತ್ತು. ಕೆಮ್ಮು, ಕುರ್ಚಿ ಸರಿಸಿದ್ದು, ಒಬ್ಬರೇ ಮಾತಾಡಿಕೊಳ್ಳುವುದು... ನನ್ನ ಸದ್ದೂ ಅವರಿಗೆ ಕೇಳುತ್ತಿರಬೇಕು ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಿ ಸಲೀಸಾಗಿಯೇ ಆಯಿತು. ಹೆಣ್ಣುಮಗು. ನಾನು ಅಷ್ಟು ಸುಸ್ತಿನಲ್ಲೂ "ಪೂರ್ತಿ ಬಂತಾ?" ಎಂದು ಕೇಳಿದೆ. ನನ್ನ ಮಿಡ್‌ವೈಫ್ ಒಳ್ಳೆಯ ಹೆಂಗಸು. ಮಾಸನ್ನು ಬೆಳಕಿಗೆ ಹಿಡಿದು ನೋಡಿ, ಪೂರ್ತಿಯಾಗಿ ಕಾಣುತ್ತಿದೆ ಎಂದು ಸಮಾಧಾನ ಹೇಳಿದಳು. ಮನೆಗೆ ಬಂದ ಮೇಲೆ ಅವಳು ನನ್ನನ್ನು ನೋಡಲು ಬಂದಿದ್ದಾಗ ಆಂಟಿ ತಾವು ಹೆಣೆದ ಒಂದು ಹಳದಿ ಕುಲಾವಿ ಹಿಡಿದುಕೊಂಡು ಬಂದರು. ಮಿಡ್‌ವೈಫ್ ಎದುರಿಗೇ ಇಂಗ್ಲಿಷಿನಲ್ಲಿ, ನಿನ್ನ ಕೈ ತೋರಿಸು ಎಂದರು. ಅವಳು ನಗುತ್ತ ಎರಡೂ ಕೈ ಚಾಚಿದಳು. ಆಂಟಿ ಅವುಗಳನ್ನು ತಿರುಗಿಸಿ ಉಗುರುಗಳನ್ನು ನೋಡಿದರು. ನನ್ನ ಗಂಡ ಮುಖ ಕೆಂಪಗೆ ಮಾಡಿಕೊಂಡು ಅವರನ್ನು ಬಾಗಿಲ ತನಕ ಬಿಟ್ಟುಬಂದ. ಅವರು ಹೋದ ಮೇಲೆ ಮಿಡ್‌ವೈಫ್ ಮೆಲ್ಲಗೆ, ಆ ಅಮ್ಮನನ್ನು ಯಾರಾದರೂ ಡಾಕ್ಟರಿಗೆ ತೋರಿಸಬೇಕು ಎಂದಳು.

ಊರಿನಿಂದ ನನ್ನ ಅಮ್ಮ ಬರಬೇಕಿತ್ತು. ಅಪ್ಪನ ಹೃದಯದ ಆಪರೇಷನ್ ಅದೇ ಹೊತ್ತಿಗೆ ಬಂದು ಬರಲಾಗಲಿಲ್ಲ. ಗಂಡ ಎರಡು ವಾರ ರಜೆ ಹಾಕಿದ್ದ. ಎರಡನೇ ವಾರದ ನಡುವೆ ಬಂದರಿನಲ್ಲಿ ಒಂದು ಕ್ರೇನ್ ಕೆಟ್ಟು ನಿಂತು, ಒಂದೇ ದಿನ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ಹೊರಟ.

ಅವನು ಹೋಗಿ ಸ್ವಲ್ಪ ಹೊತ್ತಿಗೆ ಮೈ ಬಿಸಿಯಾಯಿತು. ಸೊಂಟದ ಕೆಳಗೆ ಒಂದು ಹಿಂಡುವ ನೋವು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದ ಅಮ್ಮ, "ಹಾಲು ಇಳಿಯೋ ಜ್ವರ ಕಣೇ ಅದು. ಎಲ್ಲಾ ಬಾಣಂತಿಗೂ ಬರತ್ತೆ. ಬೆಚ್ಚಗೆ ಹೊದ್ಕೊಂಡು ಮಲಕ್ಕೋ," ಎಂದರು. ಜ್ವರದ ಮಾತ್ರೆ ನುಂಗಿ, ಮಿಡ್‌ವೈಫಿಗೆ ಒಂದು ಮೆಸೇಜು ಕಳಿಸಿದೆ, ಸ್ವಲ್ಪ ಮೈ ಬಿಸಿ ಇದೆ ಎಂದಷ್ಟೇ. ಮಗುವನ್ನು ಪಕ್ಕದ ತೊಟ್ಟಿಲಲ್ಲಿ ಮಲಗಿಸಿ ಹೊದ್ದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ನಡುಕ ಶುರುವಾಯಿತು. ಚಳಿಗೆ ಬರುವ ನಡುಕವಲ್ಲ ಅದು. ಯಾರೋ ಭುಜ ಹಿಡಿದು ಅಲುಗಾಡಿಸಿದ ಹಾಗೆ. ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ನಿಲ್ಲಿಸಬೇಕೆಂದು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದೆ. ಹಿಡಿದಷ್ಟೂ ಮಂಚದ ತಲೆಹಲಗೆ ಗೋಡೆಗೆ ಟಕ್ ಟಕ್ ಟಕ್ ಎಂದು ಬಡಿಯತೊಡಗಿತು. ಆಗ ನೆನಪಾಯಿತು, ಮಂಚಾನೇ ಅಲ್ಲಾಡ್ತಿತ್ತು... ಫೋನ್ ಅಡುಗೆಮನೆಯಲ್ಲಿತ್ತು. ಏಳಲು ಹೋದೆ. ಕಾಲು ನನ್ನದಾಗಿರಲಿಲ್ಲ. ಮಗು ಅಳತೊಡಗಿತು. ನಾನು ಸಾಯುತ್ತೇನೆ, ಸಂಜೆ ಗಂಡ ಬರುವವರೆಗೂ ಇದು ಹೀಗೇ ಅಳುತ್ತಿರುತ್ತದೆ ಎಂಬ ಯೋಚನೆ ಸ್ಪಷ್ಟವಾಗಿ ಬಂತು.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಗಂಡ ಹೋಗುವಾಗ ಬೀಗ ಹಾಕಿರಲಿಲ್ಲ. ಕೋಣೆಯ ಬಾಗಿಲಲ್ಲಿ ಟೀಚರ್ ಆಂಟಿ ನಿಂತಿದ್ದರು. ಉಲ್ಲನ್ ಕೋಟು, ಒಂದು ಕಾಲಿಗೆ ಚಪ್ಪಲಿ. ಅವರು ನನ್ನ ಮುಖ ನೋಡಲಿಲ್ಲ. ಮಂಚದ ಕಾಲುಗಳನ್ನು ನೋಡುತ್ತಿದ್ದರು. ಆಮೇಲೆ ಆ ಲೇಖಕಿಯ ಹೆಸರು ಹಿಡಿದು ನನ್ನನ್ನು ಕರೆದರು.

"ನಡುಕ ಬಂತು. ನಾ ಹೇಳಿರ್ಲಿಲ್ವಾ?"

"ಆಂಟಿ... ಫೋನ್..." ಎಂದೆ. ಅವರಿಗೆ ಕೇಳಿಸಲಿಲ್ಲ. ನೇರ ತೊಟ್ಟಿಲಿಗೆ ಹೋಗಿ ಮಗುವನ್ನು ಎತ್ತಿಕೊಂಡರು.

"ಈ ಹಾಲು ಕುಡಿಸ್ಬಾರ್ದು. ಮಗೂನ ಕರ್ಕೊಂಡ್ಹೋಗ್ತೀನಿ."

ನಾನು ಕಿರುಚಿದೆನೆಂದುಕೊಂಡೆ. ದನಿಯೇ ಹೊರಟಿರಲಿಲ್ಲ. ಅವರು ನನ್ನ ಮಗುವನ್ನು ಎದೆಗೆ ಅವುಚಿಕೊಂಡು ಬಾಗಿಲು ದಾಟಿ ಹೋದರು. ಅಳು ದೂರವಾಯಿತು... ಆ ಒಂದು ಗಳಿಗೆಯ ಭಯದ ಮುಂದೆ ಸಾವಿನ ಭಯ ಏನೂ ಅಲ್ಲ. ಉರುಳಿ ನೆಲಕ್ಕೆ ಬಿದ್ದೆ. ತೆವಳಿದೆ. ಕಿಟಕಿಯ ಕೆಳಗೆ ತಲುಪುವಷ್ಟರಲ್ಲಿ ಹೊರಗಿನಿಂದ ಅವರ ದನಿ ಕೇಳಿತು. ಡ್ರೈವ್‌ವೇನಲ್ಲಿ ನಿಂತು, ತಮ್ಮ ಮನೆಯಿಂದ ತಂದ ಕಾರ್ಡ್‌ಲೆಸ್ ಫೋನ್ ಹಿಡಿದು ಮಾತಾಡುತ್ತಿದ್ದರು. ಇಂಗ್ಲಿಷಿನಲ್ಲಿ, ಕೊನೆಯ ಬೆಂಚಿಗೂ ಕೇಳುವ ಹಾಗೆ, ಒಂದೊಂದೇ ಪದ ಬಿಡಿಸಿ.

ಹೆಂಗಸು ಸಾಯುತ್ತಿದ್ದಾಳೆ ಎಂದರು. ಹೆರಿಗೆಯಾಗಿದೆ, ಮಾಸು ಪೂರ್ತಿ ಬಂದಿಲ್ಲ, ಡಾಕ್ಟರು ಕೈ ತೊಳೆದಿಲ್ಲ ಎಂದರು. ರೋಗಿಯ ಹೆಸರು ಕೇಳಿದರೇನೋ, ಇನ್ನೂರು ವರ್ಷದ ಹಿಂದೆ ಸತ್ತವಳ ಹೆಸರು ಹೇಳಿದರು. ನಾಯಿಮರಿ ತರಬೇಡಿ, ದಯವಿಟ್ಟು ನಾಯಿಮರಿ ಮಾತ್ರ ತರಬೇಡಿ ಎಂದು ಬೇಡಿಕೊಂಡರು. ಆಚೆಯವರು ಇದನ್ನೆಲ್ಲ ಏನೆಂದುಕೊಂಡರೋ. ವಿಳಾಸ ಕೇಳಿದಾಗ ಮಾತ್ರ, ಅದೇನು ಬೆಳಕು ಹೊತ್ತಿತೋ ಅವರ ತಲೆಯೊಳಗೆ, ಒನೆಹುಂಗಾ ಎಂದು, ನಮ್ಮ ಬೀದಿಯ ಹೆಸರನ್ನು, ಮನೆಯ ನಂಬರನ್ನು ಸರಿಯಾಗಿ ಹೇಳಿದರು.

ಆಂಬ್ಯುಲೆನ್ಸ್ ಬಂದದ್ದು ಅವರನ್ನು ನೋಡಲು. ತಲೆ ಕೆಟ್ಟ ಮುದುಕಿಯೊಬ್ಬಳ ಕೈಯಲ್ಲಿ ಹಸುಗೂಸಿದೆ ಎಂದು ಗಾಬರಿಯಾಗಿ ಓಡಿಬಂದಿದ್ದರು. ಇಳಿದವರಲ್ಲಿ ಒಬ್ಬಳು ಸಮೋವಾ ದ್ವೀಪದ ಕಡೆಯ ದೊಡ್ಡ ಮೈಕಟ್ಟಿನ ಹೆಂಗಸು. ಅವಳು "ಆಂಟಿ, ಬೇಬಿ ನನ್ನ ಹತ್ರ ಕೊಡಿ" ಎಂದು ಮೆತ್ತಗೆ ಕೇಳುತ್ತಿದ್ದದ್ದು ನನಗೆ ಕಿಟಕಿಯ ಕೆಳಗೆ ಕೇಳುತ್ತಿತ್ತು. ಆಂಟಿ ಕೊಡಲಿಲ್ಲ. "ಮೊದಲು ಅವಳು, ಮೊದಲು ಅವಳು," ಎಂದು ನಮ್ಮ ಮನೆಯ ಕಡೆ ಕೈ ತೋರಿಸುತ್ತ ಕೂಗಿದರು, ಈ ಸಲ ಕನ್ನಡದಲ್ಲಿ. ಭಾಷೆ ಬಾರದಿದ್ದರೂ ಆ ಹೆಂಗಸಿಗೆ ಅರ್ಥವಾಗಿರಬೇಕು. ಒಳಗೆ ಬಂದು ನೆಲದ ಮೇಲಿದ್ದ ನನ್ನನ್ನು ನೋಡಿದವಳೇ ಹಣೆ ಮುಟ್ಟಿ, ಮಣಿಕಟ್ಟು ಹಿಡಿದು, ಹೊರಗಿದ್ದವನನ್ನು ಜೋರಾಗಿ ಕೂಗಿದಳು. ಅಲ್ಲಿಂದ ಮುಂದೆ ನನಗೆ ಸರಿಯಾಗಿ ನೆನಪಿಲ್ಲ. ನನ್ನ ಪಕ್ಕದಲ್ಲಿ ಮಗುವಿನ ಅಳು ಇತ್ತು ಎಂಬುದಷ್ಟೇ ನೆನಪಿದೆ.

ಗರ್ಭಕೋಶದಲ್ಲಿ ಒಂದು ಸಣ್ಣ ಚೂರು ಉಳಿದಿತ್ತಂತೆ. ಎಷ್ಟು ಜಾಗ್ರತೆಯಿಂದ ನೋಡಿದರೂ ಕೆಲವೊಮ್ಮೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ನಂಜು ರಕ್ತಕ್ಕೆ ಸೇರಿತ್ತು. ಸಂಜೆಯವರೆಗೆ ಹಾಗೇ ಮಲಗಿದ್ದರೆ ಎಂದು ಶುರುಮಾಡಿದವರು ಮಾತು ಮುಗಿಸಲಿಲ್ಲ. ಟೌರಂಗಾದಿಂದ ಗಾಡಿ ಓಡಿಸಿಕೊಂಡು ಬಂದ ಗಂಡ ಮಂಚದ ಪಕ್ಕ ಕೂತು, ನನ್ನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು, "ಬಾಗಿಲಾ ತಗೀಬ್ಯಾಡ ಅಂದಿದ್ದೆ ನಾ," ಎಂದಷ್ಟೇ ಹೇಳಿದ.

ಗುಣವಾಗಿ ಮನೆಗೆ ಬಂದಾಗ ಗೋಡೆಯಾಚೆ ಸದ್ದಿರಲಿಲ್ಲ. ಅವತ್ತು ಆಂಬ್ಯುಲೆನ್ಸಿನವರು ಆಂಟಿಯ ಸ್ಥಿತಿಯನ್ನೂ ನೋಡಿ, ವರದಿ ಕೊಟ್ಟು ಹೋಗಿದ್ದರು. ತಂಗಿಯ ಮಗ ವೆಲ್ಲಿಂಗ್ಟನ್ನಿನಿಂದ ಬಂದು ಅವರನ್ನು ವೃದ್ಧರ ರೆಸ್ಟ್ ಹೋಮ್ ಒಂದಕ್ಕೆ ಸೇರಿಸಿದ್ದ. ಒಳ್ಳೆಯ ಹುಡುಗ, ಬೇರೆ ದಾರಿಯೂ ಇರಲಿಲ್ಲ. ಆದರೆ ನನ್ನನ್ನು ಉಳಿಸಿದ ಆ ಒಂದು ಫೋನ್ ಕರೆಯಿಂದಲೇ ಅವರ ಮನೆ ಅವರಿಗೆ ಹೋಯಿತು ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

ನಾವು ಮೂವರೂ ಅವರನ್ನು ನೋಡಲು ಹೋದೆವು. ಕಿಟಕಿಯ ಪಕ್ಕ ಕೂತಿದ್ದರು. ತುಂಬ ಸಣ್ಣಗಾಗಿದ್ದರು. ನನ್ನನ್ನು ನೋಡಿ ಮುಖ ಅರಳಿತು, ಆದರೆ ಕರೆದದ್ದು ಸತ್ತುಹೋದ ತಮ್ಮ ತಂಗಿಯ ಹೆಸರಿನಿಂದ. ನಾನು ತಿದ್ದಲಿಲ್ಲ. ಹತ್ತಿರ ಕೂರಿಸಿಕೊಂಡು ನನ್ನ ಕೂದಲು ಸವರುತ್ತ ಮಾತಾಡಿದರು.

"ನೀನು ಹುಟ್ಟಿದಾಗ ನಾನು ಇಷ್ಟುದ್ದ ಇದ್ದೆ. ಅಮ್ಮ ಒಳಮನೇಲಿ ಮಲಗಿದ್ರು. ನಾನು ನೀರು ತಗೊಂಡು ಹೋದೆ. ಅಮ್ಮ ನಡುಗ್ತಿದ್ರು ಕಣೇ... ಮಂಚ ಗೋಡೆಗೆ ಬಡೀತಿತ್ತು. ನಾನು ಓಡ್ಹೋಗಿ ಅಜ್ಜಿಗೆ ಹೇಳ್ದೆ. ಅಪ್ಪಂಗೆ ಹೇಳ್ದೆ. ಹಾಲು ಇಳಿಯೋ ಜ್ವರ, ಸುಮ್ನೆ ಹೋಗು ಅಂದ್ರು. ನಾನು ಸುಮ್ನಾಗ್ಬಿಟ್ಟೆ."

ಗಂಡ ಮಗುವನ್ನು ಎತ್ತಿಕೊಂಡು ಎದ್ದು ಹೊರಗೆ ಹೋದ. ಅವನ ಭುಜ ಅಲುಗುತ್ತಿತ್ತು. ಆ ಐರಿಷ್ ಮದರ್ ಹೇಳುತ್ತಿದ್ದ ಪಾಠಗಳಲ್ಲಿ ತಾಯಿಯಿಲ್ಲದ ಒಬ್ಬ ಹುಡುಗಿ ಆ ಲೇಖಕಿಯ ಸಾವೊಂದನ್ನೇ ಹಿಡಿದುಕೊಂಡು ಯಾಕೆ ಬೆಳೆದಳು ಎಂದು ನನಗೆ ಆಗ ತಿಳಿಯಿತು.

"ಆಂಟಿ, ನೀವು ಸುಮ್ನಾಗ್ಲಿಲ್ಲ," ಎಂದೆ. "ನೀವು ಫೋನ್ ಮಾಡಿದ್ರಿ. ಬಂದ್ರು. ನಾನಿದ್ದೀನಿ ನೋಡಿ."

ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. "ಯಾರು ನೀನು?" ಎಂದರು. ಹೆದರಿದ್ದರು.

ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲೇ ಹೋದರು ಎಂದು ತಂಗಿಯ ಮಗ ಫೋನ್ ಮಾಡಿ ಹೇಳಿದ. ಚರ್ಚಿನಲ್ಲಿ ಕೆಲವೇ ಜನ. ಮಳೆ ಹನಿಯುತ್ತಿತ್ತು. ಮಣ್ಣು ಹಾಕುವಾಗ ಮಗಳು ನನ್ನ ಸೊಂಟದ ಮೇಲೆ ಕೂತು ಕೊಡೆಯ ಹಿಡಿಯನ್ನು ಚೀಪುತ್ತಿದ್ದಳು.

ಆ ಹುಟ್ಟುಹಬ್ಬ ಮುಗಿಸಿಕೊಂಡು ಹೊರಟ ಮೇಲೆ ನಾನು ಗಂಡನಿಗೆ ಒನೆಹುಂಗಾ ಕಡೆ ಹೋಗೋಣ ಎಂದೆ. ಅವನು ಯಾಕೆಂದು ಕೇಳದೆ ಗಾಡಿ ತಿರುಗಿಸಿದ. ಆ ಮೂರು ಯೂನಿಟ್‌ಗಳು ಈಗ ಇಲ್ಲ. ಕೆಡವಿ ಮೂರಂತಸ್ತಿನ ಬೂದುಬಣ್ಣದ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದಾರೆ. ಆಂಟಿ ಮಗುವನ್ನು ಅವುಚಿಕೊಂಡು ನಿಂತು ಕೂಗಿದ ಜಾಗ ಯಾವುದೆಂದು ಗುರುತು ಹಿಡಿಯಲು ನೋಡಿದೆ. ಅಲ್ಲೊಂದು ಬಿಳಿಯ ಪಿಕಪ್ ಗಾಡಿ ನಿಂತಿತ್ತು, ಹಿಂದೆ ಏಣಿ ಕಟ್ಟಿಕೊಂಡು. ಯಾರೋ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು.

ಹಿಂದಿನ ಸೀಟಿನಿಂದ ಮಗಳು, "ವೈ ಆರ್ ವಿ ಸ್ಟಾಪಿಂಗ್ ಹಿಯರ್, ಅಮ್ಮಾ?" ಎಂದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷೇ.

"ಇಲ್ಲಿ ಒಬ್ಬರು ಆಂಟಿ ಇದ್ರು," ಎಂದೆ.

"ವಿಚ್ ಆಂಟಿ?"

ಅವಳಿಗೆ ಎಷ್ಟೊಂದು ಆಂಟಿಯರು. ನಾನು ಸೀಟು ಬೆಲ್ಟ್ ಬಿಚ್ಚಿ ಹಿಂದಕ್ಕೆ ತಿರುಗಿ ಕೂತು, ಇಷ್ಟು ವರ್ಷ ಎಂದೂ ಬಾಯಿಬಿಟ್ಟು ಕರೆಯದಿದ್ದ ಅವರ ಹೆಸರನ್ನು ಪೂರ್ತಿಯಾಗಿ ಹೇಳಿದೆ. ಮಗಳು ಒಮ್ಮೆ ತಪ್ಪಾಗಿ ಅಂದಳು. ನಾನು ಮತ್ತೆ ಹೇಳಿಕೊಟ್ಟೆ. ಎರಡನೆಯ ಸಲ ಸರಿಯಾಗಿ ಅಂದಳು.